ಕಂದಾಯ ಏರದಿದ್ದರೆ ಉಳಿದದ್ದು ಯಾರ ದುಡ್ಡು?

ಫೆಬ್ರವರಿ, ಮಾರ್ಚ್ ಬಂತೆಂದರೆ ಬೆಂಗಳೂರಿನಲ್ಲಿ ಒಂದು ನಾಟಕ ಆಗಾಗ ನಡೆಯುತ್ತದೆ. ಪಾಲಿಕೆಯ ಅಧಿಕಾರಿಯೊಬ್ಬರು ಆಸ್ತಿ ತೆರಿಗೆ ಪರಿಷ್ಕರಣೆಯ ಮಾತೆತ್ತುತ್ತಾರೆ. ಸಂಜೆಯೊಳಗೆ ಟೀವಿಯ ಕೆಂಪು ಪಟ್ಟಿಯಲ್ಲಿ 'ಜನರಿಗೆ ಬರೆ' ಓಡುತ್ತದೆ. ವಿರೋಧ ಪಕ್ಷದವರು ಫ್ರೀಡಂ ಪಾರ್ಕಿಗೆ ನಡೆಯುತ್ತಾರೆ. ಯಾವ ಪಕ್ಷ ಎಂಬುದು ಮುಖ್ಯವಲ್ಲ, ಕುರ್ಚಿ ಬದಲಾದಾಗ ಪಾತ್ರ ಮಾತ್ರ ಬದಲಾಗುತ್ತದೆ, ಸಂಭಾಷಣೆ ಅದೇ. ಬಡಾವಣೆಗಳ ನಿವಾಸಿ ಸಂಘಗಳು ಮನವಿ ಬರೆಯುತ್ತವೆ. ಬೆಲೆ ಏರಿದೆ, ಸಂಬಳ ಏರಿಲ್ಲ, ಕೆಲಸ ಹೋಗುತ್ತಿದೆ, ಇದರ ಮೇಲೆ ಕಂದಾಯವೂ ಏರಿದರೆ ಬರಗಾಲದಲ್ಲಿ ಅಧಿಕ ಮಾಸವಲ್ಲವೇ? ಕೊನೆಗೆ ಸರ್ಕಾರ ಹಿಂದೆ ಸರಿಯುತ್ತದೆ. ಎಲ್ಲರೂ ಗೆದ್ದವರಂತೆ ಮನೆಗೆ ಹೋಗುತ್ತಾರೆ.

2024ರಲ್ಲಿ ಆದದ್ದೂ ಇದೇ. ಮಾರ್ಗಸೂಚಿ ದರದ ಆಧಾರದ ಮೇಲೆ ತೆರಿಗೆ ಲೆಕ್ಕ ಹಾಕುವ ಕರಡು ಫೆಬ್ರವರಿಯಲ್ಲಿ ಹೊರಬಿತ್ತು, ಏಪ್ರಿಲ್ ಒಂದರಿಂದ ಜಾರಿ ಎಂದರು. ಏಪ್ರಿಲ್ 26ಕ್ಕೆ ಬೆಂಗಳೂರಿನಲ್ಲಿ ಲೋಕಸಭೆಯ ಮತದಾನವಿತ್ತು. ಕರಡನ್ನು ಮಡಚಿಟ್ಟರು. ಹಳೆಯ ಲೆಕ್ಕವೇ ಮುಂದುವರಿಯಿತು. ಜನಪರ ನಿರ್ಧಾರ ಎಂಬ ಹೊಗಳಿಕೆಯೂ ಸಿಕ್ಕಿತು.

ಈ 'ಜನಪರ' ಎಂಬುದನ್ನೇ ನಾನು ಪ್ರಶ್ನಿಸುವುದು. ಕಷ್ಟಕಾಲದಲ್ಲಿ ಆಸ್ತಿ ತೆರಿಗೆಯ ದರ ಏರಿಸದೆ ಇರುವುದೇ ಜನರಿಗೆ ಮಾಡುವ ದೊಡ್ಡ ಉಪಕಾರ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರುಬಿಟ್ಟಿದೆಯೆಂದರೆ, ಅದನ್ನು ಕೆದಕಿದವನು ಪಾಲಿಕೆಯ ಏಜೆಂಟ್ ಅನ್ನಿಸಿಕೊಳ್ಳುತ್ತಾನೆ. ಅನ್ನಿಸಿಕೊಳ್ಳುತ್ತೇನೆ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಉಪಕಾರ ಉಳ್ಳವರು ಇಲ್ಲದವರ ಹೆಸರು ಹೇಳಿಕೊಂಡು ಪಡೆಯುವ ರಿಯಾಯಿತಿ, ಅಷ್ಟೇ.

ಲೆಕ್ಕ ದೊಡ್ಡದೇನಲ್ಲ. ಸದಾಶಿವನಗರದ ಬಂಗಲೆಯೊಂದಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆರಿಗೆ ಇದೆ ಎಂದಿಟ್ಟುಕೊಳ್ಳಿ. ಹೆಗ್ಗನಹಳ್ಳಿಯ ಸಣ್ಣ ಮನೆಗೆ ಮೂರು ಸಾವಿರ. ಪಾಲಿಕೆ ಶೇ. 10 ಏರಿಸಲು ಹೊರಟಿತು, ಹೋರಾಟ ನಡೆಯಿತು, ಏರಿಕೆ ನಿಂತಿತು. ಬಂಗಲೆಯವರಿಗೆ ಉಳಿದದ್ದು ಹತ್ತು ಸಾವಿರ. ಸಣ್ಣ ಮನೆಯವರಿಗೆ ಮುನ್ನೂರು, ಅಂದರೆ ತಿಂಗಳಿಗೆ 25 ರೂಪಾಯಿ. ದರ್ಶಿನಿಯಲ್ಲಿ ಒಬ್ಬರ ತಿಂಡಿಗೂ ಅದು ಸಾಲದು. ಈ 25 ರೂಪಾಯಿಯವನ ಮುಖವನ್ನು ಬ್ಯಾನರಿನ ಮೇಲೆ ಹಾಕಿ ಆ ಹತ್ತು ಸಾವಿರವನ್ನು ಉಳಿಸಿಕೊಂಡದ್ದೇ ಹೋರಾಟದ ಫಲ.

ಇರಲಿ, 25 ರೂಪಾಯಿಯಾದರೂ ಉಳಿಯಿತಲ್ಲ ಎನ್ನುವವರಿದ್ದಾರೆ. ಉಳಿಯಲಿಲ್ಲ. ಒಂದು ಬಾಗಿಲಿನಿಂದ ಬಾರದ ದುಡ್ಡನ್ನು ಪಾಲಿಕೆ ಇನ್ನೊಂದರಿಂದ ತರುತ್ತದೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಆಸ್ತಿ ತೆರಿಗೆಯ ಜೊತೆಯಲ್ಲೇ ಕಸದ ಶುಲ್ಕ ಬಂತು. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100, ಮೂರು ಸಾವಿರದವರೆಗೆ 150, ನಾಲ್ಕು ಸಾವಿರದವರೆಗೆ 200, ಅದರ ಮೇಲೆ ಎಷ್ಟೇ ಇದ್ದರೂ 400. ನಮ್ಮ ಮೂರು ಸಾವಿರ ತೆರಿಗೆಯ ಮನೆ ಹೊರವಲಯದಲ್ಲಿ ಸಾವಿರದ ನೂರು ಚದರಡಿಯದ್ದಾಗಿದ್ದರೆ ವರ್ಷಕ್ಕೆ 1,200 ರೂಪಾಯಿ ಹೊಸದಾಗಿ ಬಿತ್ತು. ತೆರಿಗೆಯ ಶೇ. 40ರಷ್ಟು! ಬಂಗಲೆ ಹತ್ತು ಸಾವಿರ ಚದರಡಿಯದ್ದಾದರೂ ವರ್ಷಕ್ಕೆ 4,800, ಅವರ ತೆರಿಗೆಯ ಶೇ. 5ಕ್ಕೂ ಕಡಿಮೆ. ತೆರಿಗೆ ಏರಿಕೆಗೆ ಫ್ರೀಡಂ ಪಾರ್ಕ್ ತುಂಬುತ್ತದೆ. ಶುಲ್ಕಕ್ಕೆ ನಾಲ್ಕು ದಿನದ ಗೊಣಗಾಟ, ಅಷ್ಟೇ. ಆಸ್ತಿ ತೆರಿಗೆಯಲ್ಲಿ ಎಷ್ಟೇ ಕೊರತೆಯಿದ್ದರೂ ದೊಡ್ಡ ಮನೆ ಹೆಚ್ಚು ಕೊಡುತ್ತದೆ, ಒಳ್ಳೆಯ ಬಡಾವಣೆ ಹೆಚ್ಚು ಕೊಡುತ್ತದೆ. ಶುಲ್ಕಕ್ಕೆ ಅಂಥ ದಾಕ್ಷಿಣ್ಯ ಬಹಳವಿಲ್ಲ. ಅದಕ್ಕೇ ತೆರಿಗೆ ತಡೆದು ಶುಲ್ಕಕ್ಕೆ ದಾರಿ ಬಿಟ್ಟವರನ್ನು ಬಡವರ ಗೆಳೆಯರು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ತಡೆಹಿಡಿದದ್ದು ಶಾಶ್ವತವಾಗಿ ನಿಲ್ಲುವುದೂ ಇಲ್ಲ. ಜಲಮಂಡಳಿಯ ನೀರಿನ ದರವನ್ನು 2014ರ ನಂತರ ಮುಟ್ಟಲಿಲ್ಲ. ಸರ್ಕಾರಗಳು ಬಂದವು, ಹೋದವು, ಪ್ರತಿಯೊಂದೂ ಏರಿಸದ ಪುಣ್ಯ ಕಟ್ಟಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಹನ್ನೊಂದು ವರ್ಷದ ಬಾಕಿ ಬಿಲ್ಲಿನ ಮೇಲೆ ಬಂದು ಕೂತಿತು. ಆಸ್ತಿ ತೆರಿಗೆಯದ್ದೂ ಇದೇ ಜಾತಕ. ವಲಯವಾರು ಚದರಡಿ ದರದ ಪದ್ಧತಿ 2008ರಲ್ಲಿ ಬಂತು, ದರ ಮುಟ್ಟಿದ್ದು 2016ರಲ್ಲಿ. ವರ್ಷಕ್ಕೆ ಎರಡು ಮೂರು ಶೇಕಡ ಏರಿದ್ದರೆ ಗೊತ್ತಾಗದೆ ಹೋಗುತ್ತಿದ್ದ ಭಾರ ಎಂಟು ವರ್ಷ ಕೂಡಿಕೊಂಡು ಒಂದೇ ಏಪ್ರಿಲ್‌ನಲ್ಲಿ ಇಳಿಯಿತು. ಕೂಲಿಯವನಿಗೆ, ಪಿಂಚಣಿಯವರಿಗೆ ನಿಧಾನದ ಏರಿಕೆಗಿಂತ ಈ ಹಠಾತ್ ಏಟೇ ಕಷ್ಟ. ಉಳ್ಳವರು ಎರಡನ್ನೂ ತಾಳಿಕೊಳ್ಳುತ್ತಾರೆ.

2016ರ ಆ ಪರಿಷ್ಕರಣೆಯ ಬಾಲವೊಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಆಗ ದರದ ಜೊತೆಗೆ ಎಷ್ಟೋ ಬೀದಿಗಳ ವಲಯವೂ ಬದಲಾಯಿತು. ಮಾಲೀಕರು ಆನ್‌ಲೈನಿನಲ್ಲಿ ಹಳೆಯ ವಲಯವನ್ನೇ ಆರಿಸಿ ಕಟ್ಟಿದರು, ಪಾಲಿಕೆಯ ಕಂಪ್ಯೂಟರ್ ಅದನ್ನೇ ಒಪ್ಪಿ ರಸೀತಿ ಕೊಟ್ಟಿತು. ವರ್ಷಗಳ ನಂತರ ಸುಮಾರು 78 ಸಾವಿರ ಮಾಲೀಕರಿಗೆ ನೋಟಿಸ್ ಹೋಯಿತು: ನೀವು ತಪ್ಪು ವಲಯ ತೋರಿಸಿದ್ದೀರಿ, ವ್ಯತ್ಯಾಸ ಕಟ್ಟಿ, ಅದರ ಎರಡರಷ್ಟು ದಂಡ ಕಟ್ಟಿ, ತಿಂಗಳಿಗೆ ಶೇ. 2ರಂತೆ ಬಡ್ಡಿಯನ್ನೂ ಕಟ್ಟಿ. ವರ್ಷಕ್ಕೆ ನಾಲ್ಕು ಸಾವಿರ ವ್ಯತ್ಯಾಸವಿದ್ದವರಿಗೆ ಐದು ವರ್ಷಕ್ಕೆ ಇಪ್ಪತ್ತು ಸಾವಿರ. ದಂಡ ಸೇರಿದರೆ ಅರವತ್ತು. ಬಡ್ಡಿಯ ಲೆಕ್ಕ ಆಮೇಲೆ. ನೋಟಿಸ್ ಬಂದದ್ದು ಯಾವಾಗ? ಕೋವಿಡ್‌ನಿಂದ ಜನ ಇನ್ನೂ ಏಳುತ್ತಿದ್ದ ಹೊತ್ತಿಗೆ. ದರ ಏರಿಸಲು ಧೈರ್ಯವಿಲ್ಲದ ಆಡಳಿತ ದುಡ್ಡಿಗೆ ಹುಡುಕುವ ದಾರಿಗಳು ಇಂಥವು. ನಿಯತ್ತಾಗಿ ಪ್ರತಿ ವರ್ಷ ಕಟ್ಟಿದವರೇ ಸಿಕ್ಕಿಬಿದ್ದರು, ಏಕೆಂದರೆ ಅವರ ವಿಳಾಸವಷ್ಟೇ ಪಾಲಿಕೆಯ ಬಳಿ ಇತ್ತು.

ಕಟ್ಟದೇ ಇದ್ದವರ ಕಥೆ ಬೇರೆ. 2024ರಲ್ಲಿ ಅವರಿಗಾಗಿ ಒಂದು ಬಾರಿಯ ತೀರುವಳಿ, ಎಲ್ಲರ ಬಾಯಲ್ಲೂ 'ಓಟಿಎಸ್', ಬಂತು. ಬಡ್ಡಿ ಪೂರ್ತಿ ಮಾಫಿ, ದಂಡದಲ್ಲಿ ಅರ್ಧ ಮಾಫಿ. ಜುಲೈ 31 ಕೊನೆಯ ದಿನ ಎಂದದ್ದು ನವೆಂಬರ್ 30ಕ್ಕೆ ಹೋಯಿತು. ಮಗಳ ಫೀಸು ಮುಂದೂಡಿ, ಚೀಟಿ ಎತ್ತಿ ಸಮಯಕ್ಕೆ ಸರಿಯಾಗಿ ಕಟ್ಟಿದವನು ಈ ಯೋಜನೆಯ ಮುಂದೆ ನಿಂತು ಏನೆಂದುಕೊಳ್ಳಬೇಕು? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ಬಾಕಿದಾರರಲ್ಲಿ ನಿಜವಾಗಿ ಕೈಸೋತವರೂ ಇದ್ದರು, ಒಪ್ಪುತ್ತೇನೆ. ಆದರೆ ಕೈಸೋತವರು ಯಾರು, ಕೈಯೆತ್ತಿದವರು ಯಾರು ಎಂದು ಯೋಜನೆ ಕೇಳಲೇ ಇಲ್ಲ. ಬದನವಾಳಿನಂಥ ಹಳ್ಳಿಯಿಂದ ಬಂದು ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವನಿಗೂ, ಕೋಟಿಗಟ್ಟಲೆ ಬಾಕಿ ಇಟ್ಟುಕೊಂಡು ಬಾಗಿಲಿಗೆ ಬೀಗ ಬಿದ್ದ ದಿನವಷ್ಟೇ ಚೆಕ್ ಬರೆಯುವ ಮಾಲುಗಳಿಗೂ ಒಂದೇ ಬಾಗಿಲು.

ಸಮಯಕ್ಕೆ ಕಟ್ಟಿದವರಿಗೂ ಬಹುಮಾನವಿದೆಯಲ್ಲ, ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಎನ್ನಬಹುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸಭ್ಯವಾಗಿ ಕಾಣುವ ಅನ್ಯಾಯ ಇದು. ಶಾಲೆಯ ಫೀಸು, ಪುಸ್ತಕ, ಬಾಡಿಗೆ ಕರಾರಿನ ನವೀಕರಣ, ವಿಮೆಯ ಕಂತು ಎಲ್ಲ ಒಟ್ಟಿಗೆ ಬೀಳುವ ಆ ಕಾಲದಲ್ಲಿ ಇಡೀ ವರ್ಷದ ಕಂದಾಯವನ್ನು ಒಂದೇ ಸಲ ಎಣಿಸಿ ಕೊಡಬಲ್ಲವರು ಯಾರು? ಬ್ಯಾಂಕಿನಲ್ಲಿ ದುಡ್ಡಿರುವವರು. ಅವರಿಗೆ ರಿಯಾಯಿತಿ. ಎರಡು ಕಂತಿನಲ್ಲಿ ಕಟ್ಟುವವರಿಗೆ ಆ ರಿಯಾಯಿತಿ ಇಲ್ಲ. ತಡವಾದವರಿಗೆ ಬಡ್ಡಿ. ಒಂದು ಸಾವಿರ ಕೋಟಿ ಹೀಗೆ ರಿಯಾಯಿತಿಯಲ್ಲಿ ಬಂದರೆ ಪಾಲಿಕೆ ಬಿಟ್ಟುಕೊಡುವುದು ಸುಮಾರು 50 ಕೋಟಿ. ಅದೇ 50 ಕೋಟಿಯಲ್ಲಿ ಐದು ಸಾವಿರ ತೆರಿಗೆಯ ಒಂದು ಲಕ್ಷ ಮನೆಗಳಿಗೆ ಆ ವರ್ಷ ಪೂರ್ತಿ ವಿನಾಯಿತಿ ಕೊಡಬಹುದು. ಕಷ್ಟಕಾಲದ ನೆರವಿಗೆ ಹಣವೆಲ್ಲಿದೆ ಎಂದು ಕೇಳುವ ಅಧಿಕಾರಿಗಳಿಗೆ ಇದೇ ಉತ್ತರ: ನೆರವು ಆಗಲೇ ಕೊಡುತ್ತಿದ್ದೀರಿ ಸ್ವಾಮಿ, ಬೇಡದವರಿಗೆ.

ಇನ್ನು ಬಾಡಿಗೆದಾರರು. ಈ ಜಗಳದಲ್ಲಿ ಅವರ ಮಾತೇ ಬರುವುದಿಲ್ಲ, ಏಕೆಂದರೆ ಚಲನ್ ಅವರ ಹೆಸರಿನಲ್ಲಿಲ್ಲ. ಚಾಲ್ತಿಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಚದರಡಿ ದರ ಸ್ವಂತ ವಾಸದ ಮನೆಯ ಎರಡರಷ್ಟು. ಆ ಹೆಚ್ಚುವರಿ ಎಲ್ಲಿಂದ ಬರುತ್ತದೆಂದು ಯಾವ ಬಾಡಿಗೆದಾರನಿಗೂ ಹೇಳಬೇಕಾಗಿಲ್ಲ. ಹಾಗಾದರೆ ತೆರಿಗೆ ತಡೆದರೆ ಅವರಿಗೂ ಒಳ್ಳೆಯದೇ ಅಲ್ಲವೇ? ಕರಾರು ಪತ್ರ ತೆಗೆದು ಓದಿ: ಹನ್ನೊಂದು ತಿಂಗಳಿಗೊಮ್ಮೆ ಶೇ. 5 ಏರಿಕೆ, ಕೆಲವೆಡೆ 10. ಈ ವರ್ಷ ಪಾಲಿಕೆ ತೆರಿಗೆ ಏರಿಸಲಿಲ್ಲ, ಆದ್ದರಿಂದ ನಾನೂ ಬಾಡಿಗೆ ಏರಿಸುವುದಿಲ್ಲ ಎಂದ ಮಾಲೀಕರು ನಿಮ್ಮ ಬೀದಿಯಲ್ಲಿದ್ದರೆ ಅವರಿಗೆ ಸನ್ಮಾನ ಮಾಡಿಸೋಣ. ಏರಿದ ತೆರಿಗೆ ಬಾಡಿಗೆಗೆ ಇಳಿಯುತ್ತದೆ. ಉಳಿದ ತೆರಿಗೆ ಮಾಲೀಕನ ಜೇಬಿನಲ್ಲೇ ಉಳಿಯುತ್ತದೆ.

ಎದುರು ವಾದದಲ್ಲಿ ಗಟ್ಟಿಯಾದದ್ದು ಒಂದಿದೆ. ಮನೆಯ ಬೆಲೆ ಏರಿತೆಂದರೆ ಮನೆಯವರ ಕೈಗೆ ದುಡ್ಡು ಬಂತೇ? ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಿಂದ ಮಾರ್ಗಸೂಚಿ ದರ ಸರಾಸರಿ ಶೇ. 30 ಏರಿತು. ಯಾರ ಪಿಂಚಣಿ ಶೇ. 30 ಏರಿತು? ಚಾಮರಾಜಪೇಟೆಯಲ್ಲಿ ಮಾವನ ಕಾಲದ ಹೆಂಚಿನ ಮನೆಯಲ್ಲಿ ಒಂಟಿಯಾಗಿರುವ ಎಪ್ಪತ್ತರ ಅಜ್ಜಿಗೆ ಕಾಗದದ ಮೇಲೆ ಮೂರು ಕೋಟಿಯ ಆಸ್ತಿ, ಕೈಯಲ್ಲಿ ಕುಟುಂಬ ಪಿಂಚಣಿ ಮಾತ್ರ. ಆಕೆಯ ಮನೆಯ ಗೋಡೆಯನ್ನು ಒಡೆದು ಕಂದಾಯ ಕಟ್ಟಲಾಗದು. ಈ ಮಾತು ನೂರಕ್ಕೆ ನೂರು ನಿಜ. ಆದರೆ ಆ ಅಜ್ಜಿಯ ಕಷ್ಟಕ್ಕೆ ಇಡೀ ಊರಿನ ದರ ತಡೆಯುವುದು ಮದ್ದಲ್ಲ. ಆಕೆಗೆ ಈಗಿನ ತೆರಿಗೆಯೇ ಭಾರ, ಏರದಿದ್ದರೂ ಭಾರ. ಆಕೆಗೆ ಬೇಕಾದದ್ದು ಬೇರೆ: ಆದಾಯ ಇಷ್ಟಕ್ಕಿಂತ ಕಡಿಮೆ, ವಯಸ್ಸು ಇಷ್ಟಕ್ಕಿಂತ ಹೆಚ್ಚು, ಇರುವುದು ಇದೊಂದೇ ಮನೆ ಎಂದಾದರೆ ತೆರಿಗೆಯನ್ನು ಈಗ ಕೇಳದೆ ಆಸ್ತಿಯ ಲೆಕ್ಕಕ್ಕೆ ಬರೆದಿಡುವುದು. ಮನೆ ಮಾರಿದಾಗಲೋ ವಾರಸುದಾರರ ಹೆಸರಿಗೆ ಖಾತಾ ಬದಲಾದಾಗಲೋ, ಹಗುರ ಬಡ್ಡಿಯೊಂದಿಗೆ ವಸೂಲು ಮಾಡಿಕೊಳ್ಳುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರಿಗೆ ಇಂಥ ಸೌಲಭ್ಯವಿದೆ. ನಮ್ಮಲ್ಲೇನು ಕಷ್ಟ? ತೆರಿಗೆ ಬಾಕಿ ಆಸ್ತಿಯ ಮೇಲಿನ ಮೊದಲ ಋಣ ಎಂದು ಕಾನೂನು ಆಗಲೇ ಹೇಳುತ್ತದೆ. 2024ರಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗದು. ಅಂದರೆ ಬಾಕಿ ತಪ್ಪಿಸಿಕೊಂಡು ಮನೆ ಕೈಬದಲಾಗುವ ದಾರಿಯೇ ಮುಚ್ಚಿದೆ. ನಾಳೆ ಬೆಂಗಳೂರಿಗೆ ಬಂದು ಆ ಮೂರು ಕೋಟಿ ಎಣಿಸಿಕೊಳ್ಳುವ ಮೊಮ್ಮಕ್ಕಳು ಅಜ್ಜಿಯ ಹತ್ತು ವರ್ಷದ ಕಂದಾಯ ಕೊಟ್ಟರೆ ಅವರ ಗಂಟೇನೂ ಕರಗುವುದಿಲ್ಲ.

ದರ ತಡೆಯುವುದನ್ನೇ ಕಾನೂನು ಮಾಡಿದರೆ ಏನಾಗುತ್ತದೆಂದು ನೋಡಬೇಕಾದವರು ಕ್ಯಾಲಿಫೋರ್ನಿಯಾ ನೋಡಬಹುದು. ಅಲ್ಲಿಯೂ ಬೆಲೆಯುಬ್ಬರದ ಕಾಲದಲ್ಲಿ, 1978ರ ಜೂನ್‌ನಲ್ಲಿ, ಮುದುಕರು ಮನೆ ಕಳೆದುಕೊಳ್ಳುತ್ತಿದ್ದಾರೆ ಎಂಬ ಕೂಗಿನ ಮೇಲೆ ಜನಮತ ನಡೆದು 'ಪ್ರೊಪೊಸಿಷನ್ 13' ಗೆದ್ದಿತು. ತೆರಿಗೆ ಮನೆ ಕೊಂಡ ಬೆಲೆಯ ಶೇ. 1ಕ್ಕೆ ಕಟ್ಟಿಹಾಕಲಾಯಿತು, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಏರುವಂತಿಲ್ಲ ಎಂದಾಯಿತು. ಇಂದು ಸನ್ನಿವೇಲ್, ಫ್ರೀಮಾಂಟ್‌ಗಳಲ್ಲಿ ಸಾಲ ಮಾಡಿ ಮನೆ ಕೊಂಡ ನಮ್ಮ ಕನ್ನಡದ ಹುಡುಗರನ್ನು ಕೇಳಿ: ಪಕ್ಕದಲ್ಲೇ, ಅದೇ ನಕ್ಷೆಯ ಮನೆಯಲ್ಲಿ ನಲವತ್ತು ವರ್ಷದಿಂದ ಇರುವವರಿಗಿಂತ ಇವರು ಎಷ್ಟೋ ಪಟ್ಟು ಹೆಚ್ಚು ಕಟ್ಟುತ್ತಾರೆ. ಅದೇ ರಸ್ತೆ, ಅದೇ ಶಾಲೆ. ಇದರ ವಿರುದ್ಧದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 1992ರಲ್ಲಿ ಸೋತಿತು. ಮುದುಕರ ಹೆಸರಿನಲ್ಲಿ ಬಂದ ಆ ರಕ್ಷಣೆಯ ಅಡಿಯಲ್ಲಿ ದೊಡ್ಡ ದೊಡ್ಡ ವಾಣಿಜ್ಯ ಕಟ್ಟಡಗಳೂ ತಣ್ಣಗೆ ಕೂತಿವೆ.

ನಮ್ಮ ನೆರೆಯವರು ಒಂದಿಷ್ಟು ವಾಸಿ ಎನ್ನಬೇಕು. ಹೈದರಾಬಾದಿನಲ್ಲಿ 2020ರ ದೀಪಾವಳಿಗೆ, ಪಾಲಿಕೆ ಚುನಾವಣೆಗೆ ಮೂರು ವಾರವೂ ಇಲ್ಲದಿರುವಾಗ, ಹದಿನೈದು ಸಾವಿರದವರೆಗಿನ ಮನೆ ತೆರಿಗೆಯಲ್ಲಿ ಅರ್ಧ ಬಿಟ್ಟರು. ಮಹಾರಾಷ್ಟ್ರ 2022ರಲ್ಲಿ ಮುಂಬಯಿಯ 500 ಚದರಡಿವರೆಗಿನ ಮನೆಗಳ ತೆರಿಗೆ ಮನ್ನಾ ಮಾಡಿತು. ಎರಡರಲ್ಲೂ ಓಟಿನ ವಾಸನೆ ಇದೆ, ತೆರಿಗೆಯ ಮೊತ್ತವನ್ನೋ ಮನೆಯ ಅಳತೆಯನ್ನೋ ಬಡತನದ ಅಳತೆ ಎಂದುಕೊಂಡ ತಪ್ಪು ಎರಡರಲ್ಲೂ ಇದೆ. ಆದರೂ ಎಲ್ಲರಿಗೂ ಒಂದೇ ಎನ್ನದೆ ಸಣ್ಣವರನ್ನು ಬೇರೆ ಮಾಡುವ ಪ್ರಯತ್ನವಾದರೂ ಇತ್ತು.

ತೆರಿಗೆ ಏರಿಸಬೇಕೆನ್ನುವ ಪಾಳಯವನ್ನು ನಾನು ಸಮರ್ಥಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅವರಿಗೂ ಅಜ್ಜಿ ಕಾಣುವುದಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆದು ಹೋಗುತ್ತಿದ್ದಾಗ ಕೇಂದ್ರ ಸರ್ಕಾರ ರಾಜ್ಯಗಳ ಸಾಲದ ಮಿತಿಯನ್ನು ಶೇ. 3ರಿಂದ 5ಕ್ಕೆ ಏರಿಸಿತು. ಅದರಲ್ಲೊಂದು ಪಾಲಿಗೆ ಹಾಕಿದ ಷರತ್ತು, ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ದರಕ್ಕೆ ಹೊಂದಿಸಿ ಪ್ರಕಟಿಸಬೇಕು ಎಂಬುದು. ಹದಿನೈದನೇ ಹಣಕಾಸು ಆಯೋಗವೂ ಅನುದಾನಕ್ಕೆ ಅಂಥದ್ದೇ ಷರತ್ತು ಹಾಕಿತು. ಇವರಿಗೆ ಬೇಕಾದದ್ದು ಏರುವ ಗೆರೆ. ಬೆಂಗಳೂರು ತನ್ನ ಆಸ್ತಿ ತೆರಿಗೆಯ ಸಾಮರ್ಥ್ಯದಲ್ಲಿ ಶೇ. 5ರಿಂದ 20ರಷ್ಟನ್ನು ಮೀರಿ ವಸೂಲು ಮಾಡುತ್ತಿಲ್ಲ ಎಂದು ಉಪಗ್ರಹ ಚಿತ್ರ ಹಿಡಿದು ಹೇಳಿದ್ದು 2016-17ರ ಆರ್ಥಿಕ ಸಮೀಕ್ಷೆ. ಹಾಗಿದ್ದರೆ ಲೆಕ್ಕಕ್ಕೇ ಸಿಗದ ಆಸ್ತಿಗಳ ಹಿಂದೆ ಹೋಗಬೇಕಿತ್ತು. ಮಡಚಿಟ್ಟ 2024ರ ಕರಡನ್ನೇ ನೋಡಿ. ಸ್ವಂತ ವಾಸದ ಮನೆಗೆ ಮಾರ್ಗಸೂಚಿ ಬೆಲೆಯ ಶೇ. 0.1, ಬಾಡಿಗೆ ಮನೆಗೆ 0.2, ಖಾಲಿ ನಿವೇಶನಕ್ಕೆ 0.025. ಕೋಟಿ ಬೆಲೆಯ ಮನೆಯಲ್ಲಿ ಸಂಸಾರ ಮಾಡುವವನಿಗೆ ಹತ್ತು ಸಾವಿರ. ಕೋಟಿ ಬೆಲೆಯ ಸೈಟಿಗೆ ಬೇಲಿ ಹಾಕಿ, ಬೆಲೆ ಏರಲಿ ಎಂದು ಕಾಯುತ್ತಾ, ಅಕ್ಕಪಕ್ಕದವರ ಕಸಕ್ಕೆ ಜಾಗ ಮಾಡಿಕೊಟ್ಟವನಿಗೆ ಎರಡೂವರೆ ಸಾವಿರ! ವಿರೋಧಿಸಲು ಇಲ್ಲಿ ಎಷ್ಟೊಂದಿತ್ತು. ವಿರೋಧಿಸಿದವರು 'ಏರಿಕೆ ಬೇಡ' ಎಂದರೇ ಹೊರತು 'ಇದೆಂಥ ಹಂಚಿಕೆ' ಎಂದು ಕೇಳಿದ್ದು ಕಡಿಮೆ. ನಿವಾಸಿ ಸಂಘಗಳ ಸಭೆಯಲ್ಲಿ ಖಾಲಿ ಸೈಟಿನ ಮಾಲೀಕರೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಅದೂ ಇರಬಹುದು.

ಪಾಲಿಕೆಯ ಖಜಾನೆ ಬರಿದಾದರೆ ನೋಯುವವರು ಯಾರು ಎಂಬುದನ್ನೂ ಕೇಳಬೇಕು. 2024-25ರಲ್ಲಿ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಗೆ ಬಂದ ಆಸ್ತಿ ತೆರಿಗೆ ಸುಮಾರು 4,900 ಕೋಟಿ. ಮರುವರ್ಷಕ್ಕೆ ಅದು ಮಂಡಿಸಿದ ಬಜೆಟ್ ಸುಮಾರು 19,900 ಕೋಟಿ. ಮಿಕ್ಕದ್ದಕ್ಕೆ ವಿಧಾನಸೌಧದ ಕಡೆ, ಸಾಲದ ಕಡೆ, ಶುಲ್ಕಗಳ ಕಡೆ ನೋಡಬೇಕು. ತೆರಿಗೆಯ ಜೊತೆ ಗ್ರಂಥಾಲಯಕ್ಕೆಂದು ಶೇ. 6, ಭಿಕ್ಷುಕರ ಪುನರ್ವಸತಿಗೆಂದು ಶೇ. 3 ಉಪಕರವನ್ನೂ ನಾವು ಕಟ್ಟುತ್ತೇವೆ. ತೆರಿಗೆ ನಿಂತಲ್ಲೇ ನಿಂತರೆ ಇವೂ ನಿಲ್ಲುತ್ತವೆ. ಬಂಗಲೆಯಲ್ಲಿ ಬೋರ್‌ವೆಲ್ ಇದೆ, ಕಾವಲಿನವನಿದ್ದಾನೆ, ಕಾಯಿಲೆಗೆ ಖಾಸಗಿ ಆಸ್ಪತ್ರೆ ಇದೆ. ವಾರ್ಡಿನ ಹೆರಿಗೆ ಆಸ್ಪತ್ರೆ, ಪಾಲಿಕೆಯ ಶಾಲೆ, ಬೀದಿಯ ಗ್ರಂಥಾಲಯದಲ್ಲಿ ಕೆಎಎಸ್ ಪರೀಕ್ಷೆಗೆ ಓದುವ ಹುಡುಗಿ, ನಡೆದೇ ಕೆಲಸಕ್ಕೆ ಹೋಗುವವರಿಗೆ ಬೇಕಾದ ಫುಟ್‌ಪಾತ್, ಇವೆಲ್ಲ 25 ರೂಪಾಯಿ ಉಳಿಸಿಕೊಟ್ಟೆವೆಂದು ನಾವು ಬೀಗುವ ಮನೆಗಳವರ ಪಾಲಿನವು.

ಕೊಟ್ಟ ತೆರಿಗೆ ಸರಿಯಾಗಿ ಖರ್ಚಾಗುತ್ತದೆಯೇ, ಟೆಂಡರಿನಲ್ಲಿ ಕರಗುವುದಿಲ್ಲವೇ ಎನ್ನುವವರಿಗೆ ನನ್ನ ಬಳಿ ಸಮಾಧಾನದ ಮಾತಿಲ್ಲ. ಕರಗುತ್ತದೆ. ಅದನ್ನು ಕೇಳಬೇಕಾದ ಚುನಾಯಿತ ಕೌನ್ಸಿಲ್ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಬಿಬಿಎಂಪಿ ಹೋಗಿ, 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು. ಇಷ್ಟು ವರ್ಷ ಒಬ್ಬ ಕಾರ್ಪೊರೇಟರ್ ಇಲ್ಲದೆ ನಮ್ಮಿಂದ ವರ್ಷಕ್ಕೆ ಸಾವಿರಾರು ಕೋಟಿ ಎತ್ತಿದ್ದರ ವಿರುದ್ಧ ಫ್ರೀಡಂ ಪಾರ್ಕ್ ತುಂಬಿದ್ದರೆ ಅದನ್ನು ಹೋರಾಟ ಎನ್ನುತ್ತಿದ್ದೆ. ಎರಡೂ ಕಡೆಯ ಪಕ್ಷಗಳಿಗೆ ಅದು ಬೇಕಿರಲಿಲ್ಲ. ಏರಿಕೆ ವಿರೋಧಿಸುವುದು ಅಗ್ಗ.

ಮುಂದೆ ಬರುವ ಕೌನ್ಸಿಲಿನ ಮೊದಲ ಸಭೆಯಲ್ಲಿ ಯಾರಾದರೂ ಒಬ್ಬ ಸದಸ್ಯೆ ಎದ್ದು ನಿಂತು ಕೇಳಬೇಕಾದದ್ದು ಒಂದೇ ಪಟ್ಟಿ: ಕಳೆದ ಏಪ್ರಿಲ್‌ನ ಶೇ. 5 ರಿಯಾಯಿತಿ ಯಾವ ಅಳತೆಯ ಮನೆಗಳಿಗೆ ಎಷ್ಟೆಷ್ಟು ಹೋಯಿತು, ತಡವಾಗಿ ಬಡ್ಡಿ ಕಟ್ಟಿದ ಮನೆಗಳ ಅಳತೆ ಏನು. ಪ್ರತಿ ಆಸ್ತಿಯ ಗುರುತು ಸಂಖ್ಯೆ, ಚದರಡಿ, ಕಟ್ಟಿದ ತಾರೀಕು ಎಲ್ಲ ಪಾಲಿಕೆಯ ಕಂಪ್ಯೂಟರಿನಲ್ಲಿವೆ. ಮಾಲೀಕರ ಹೆಸರು ತೆಗೆದು ಅದನ್ನು ಹೊರಗೆ ಹಾಕಲು ಹೊಸ ಕಾನೂನು ಬೇಕಿಲ್ಲ, ಆಯುಕ್ತರ ಒಂದು ಆದೇಶ ಸಾಕು.